ಮರಳಿಸಬೇಕಾದ ಮಗು

ಸಾಕಿದ ತಾಯಿ ಎಂದರೆ ನಮಗೆ ಇಬ್ಬರು ನೆನಪಾಗುತ್ತಾರೆ. ಯಶೋದೆ ಸಾಕಿದ ಮಗನನ್ನು ಒಂದು ದಿನ ಅಕ್ರೂರ ರಥದಲ್ಲಿ ಕೂರಿಸಿಕೊಂಡು ಮಥುರೆಗೆ ಹೊರಟ. ಅವನು ಹೆತ್ತವರನ್ನು ಸೇರಿದ. ರಾಧೆ ಸಾಕಿದ ಮಗನ ಬಳಿಗೆ ಹೆತ್ತವಳೇ ಬಂದು ಕರೆದರೂ ಅವನು ಹೋಗಲಿಲ್ಲ. ಕೊನೆಯವರೆಗೂ ರಾಧೇಯನಾಗಿಯೇ ಉಳಿದ. ಇವೆರಡರಲ್ಲಿ ನಮ್ಮ ಮನಸ್ಸು ವಾಲುವುದು ಎರಡನೆಯದರ ಕಡೆಗೆ. ಸಾಕಿದ ಋಣ ಗೆದ್ದಿತಲ್ಲ ಎಂದು ಸಮಾಧಾನವಾಗುತ್ತದೆ. ಆದರೆ ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು ಯಶೋದೆಯ ಪಾಡು. ಮಗ ತನ್ನವನಲ್ಲ ಎಂಬುದು ಅವಳಿಗೆ ಮೊದಲು ಗೊತ್ತಿರಲಿಲ್ಲ. ಗೊತ್ತಿದ್ದೂ, ಒಂದು ದಿನ ಮರಳಿಸಬೇಕೆಂದು ಒಪ್ಪಿಕೊಂಡೇ ಮಗುವನ್ನು ಮನೆಗೆ ಕರೆತರುವವರಿದ್ದಾರಲ್ಲ, ಅವರ ಪ್ರೀತಿಯನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ಆ ಪ್ರೀತಿಗೆ ಮಗುವಿನ ಮೇಲೆ ಏನು ಹಕ್ಕಿದೆ?

ಅಮೆರಿಕದಲ್ಲಿ ಈ ಪ್ರಶ್ನೆ ಸಾವಿರಾರು ಮನೆಗಳ ದಿನನಿತ್ಯದ ಸಂಗತಿ. ಹೆತ್ತವರ ಕುಡಿತ, ಮಾದಕ ವ್ಯಸನ, ಹಿಂಸೆ, ನಿರ್ಲಕ್ಷ್ಯ ಮುಂತಾದ ಕಾರಣಗಳಿಂದ ಸರ್ಕಾರವೇ ಮನೆಯಿಂದ ಹೊರತಂದು ಕಾಯುತ್ತಿರುವ ಮಕ್ಕಳು 2023ರಲ್ಲಿ ಸುಮಾರು 3.4 ಲಕ್ಷ. ಇವರನ್ನು ತಾತ್ಕಾಲಿಕವಾಗಿ ಬೇರೆ ಕುಟುಂಬಗಳಲ್ಲಿ ಇರಿಸುವ ವ್ಯವಸ್ಥೆಯೇ ಫಾಸ್ಟರ್ ಕೇರ್. ಇದು ದತ್ತು ಅಲ್ಲ. ಹೆತ್ತವರು ಸುಧಾರಿಸಿದರೆ ಮಗು ಮನೆಗೆ ಮರಳಬೇಕು ಎಂಬುದೇ ಅದರ ಮೊದಲ ಗುರಿ. ಮರಳುವ ದಾರಿಗೂ ಕಾಲಮಿತಿ ಇದೆ. 1997ರ ಕಾಯ್ದೆಯ ಪ್ರಕಾರ ಮಗು 22 ತಿಂಗಳಲ್ಲಿ 15 ತಿಂಗಳು ಹೊರಗೇ ಉಳಿದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ರದ್ದುಪಡಿಸುವಂತೆ ಸರ್ಕಾರ ಕೋರ್ಟಿಗೆ ಹೋಗಬೇಕು.

ಈ ಕುಟುಂಬಗಳ ಬೆನ್ನಿಗೆ ಅಲ್ಲಿ ಬಹಳ ಕಾಲದಿಂದ ನಿಂತಿರುವುದು ಚರ್ಚುಗಳು. ಪೂರ್ವ ಟೆಕ್ಸಾಸಿನ ಪಾಸಮ್ ಟ್ರಾಟ್ ಎಂಬ ಬಡ ಹಳ್ಳಿಯ ಹೆಸರು ಇದಕ್ಕೇ ಪ್ರಸಿದ್ಧ. ಅಲ್ಲಿನ ಬೆನೆಟ್ ಚಾಪೆಲ್ ಎಂಬ ಕಪ್ಪು ಜನರ ಪುಟ್ಟ ಚರ್ಚಿನ ಪಾದ್ರಿ ಡಬ್ಲ್ಯು.ಸಿ. ಮಾರ್ಟಿನ್ ಮತ್ತು ಅವರ ಹೆಂಡತಿ ಡೊನ್ನಾ 1990ರ ದಶಕದ ಕೊನೆಯಲ್ಲಿ ಸರ್ಕಾರದ ಆಶ್ರಯದಲ್ಲಿದ್ದ ಮಕ್ಕಳನ್ನು ದತ್ತು ಪಡೆದರು. ಅವರನ್ನು ನೋಡಿ ಉಳಿದವರೂ ಮುಂದೆ ಬಂದರು. ಕೊನೆಗೆ ಆ ಒಂದೇ ಸಭೆಯ 22 ಕುಟುಂಬಗಳು 70ಕ್ಕೂ ಹೆಚ್ಚು ಮಕ್ಕಳನ್ನು ತಮ್ಮವರನ್ನಾಗಿ ಮಾಡಿಕೊಂಡವು. ಯಾರಿಗೂ ಬೇಡವಾಗಿ ಮನೆಯಿಂದ ಮನೆಗೆ ಅಲೆದ ಮಕ್ಕಳೂ ಅವರಲ್ಲಿದ್ದರು. 2024ರಲ್ಲಿ ಈ ಕತೆ ಸಿನಿಮಾ ಕೂಡ ಆಯಿತು. ಕೈಯಲ್ಲಿ ಕಾಸಿಲ್ಲದವರು ಇಷ್ಟೊಂದು ಮಕ್ಕಳ ಭಾರ ಹೊರಲು ಮುಂದಾದದ್ದು ಸಣ್ಣ ಸಂಗತಿಯಲ್ಲ. ಅಕ್ಕಪಕ್ಕದ ಮನೆಯಲ್ಲೂ ಅಂಥದೇ ಮಗು ಇದೆ, ಅಂಥದೇ ರಾತ್ರಿಗಳಿವೆ ಎಂಬ ಅರಿವೇ ಧೈರ್ಯ ಕೊಡುತ್ತದೆ.

ಆದರೆ ಇದೇ ಇತಿಹಾಸಕ್ಕೆ ಇನ್ನೊಂದು ಪುಟವಿದೆ. ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಪ್ರಾಟೆಸ್ಟಂಟ್ ಪಾದ್ರಿ 1853ರಲ್ಲಿ ನ್ಯೂಯಾರ್ಕಿನಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿಯನ್ನು ಕಟ್ಟಿದರು. ಮರುವರ್ಷದಿಂದ ಬೀದಿಯ ಮಕ್ಕಳನ್ನು ರೈಲಿನಲ್ಲಿ ಪಶ್ಚಿಮದ ಹಳ್ಳಿಗಳಿಗೆ ಕಳಿಸುವ ಕೆಲಸ ಶುರುವಾಯಿತು. 1929ರವರೆಗೆ ಹೀಗೆ ಹೋದ ಮಕ್ಕಳು ಸುಮಾರು 2 ಲಕ್ಷ. ಊರಿನ ಚರ್ಚಿನಲ್ಲೋ ನಾಟಕಶಾಲೆಯಲ್ಲೋ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಬಂದವರು ನೋಡಿ ಆರಿಸಿಕೊಳ್ಳುತ್ತಿದ್ದರು. ಕೆಲವು ಮಕ್ಕಳಿಗೆ ಒಳ್ಳೆಯ ಮನೆ ಸಿಕ್ಕಿತು. ಕೆಲವರು ಹೊಲದ ಆಳುಗಳಾದರು. ‘ಅನಾಥರ ರೈಲು’ ಎಂದೇ ಇದಕ್ಕೆ ಹೆಸರಾದರೂ ಎಷ್ಟೋ ಮಕ್ಕಳ ಹೆತ್ತವರು ಬದುಕಿದ್ದರು; ಅವರು ಬಡವರಾಗಿದ್ದರು, ವಲಸಿಗರಾಗಿದ್ದರು. ಅನೇಕರು ಕ್ಯಾಥೊಲಿಕರೂ ಆಗಿದ್ದರು. ತಮ್ಮ ಮಕ್ಕಳನ್ನು ಪ್ರಾಟೆಸ್ಟಂಟ್ ಮನೆಗಳಿಗೆ ಸೇರಿಸಿ ಮತ ಬದಲಿಸುತ್ತಿದ್ದಾರೆ ಎಂಬ ದೂರು ಆಗಲೇ ಎದ್ದಿತ್ತು.

ಬ್ರೇಸ್ ಕೆಟ್ಟವರಾಗಿರಲಿಲ್ಲ. ಚಳಿಯಲ್ಲಿ ಬೀದಿಯ ಮೇಲೆ ಮಲಗುವ ಮಕ್ಕಳನ್ನು ಕಂಡು ಕರಗಿದವರೇ. ಅವರ ಕಣ್ಣಿಗೆ ಮಗು ಕಂಡಿತು, ಮಗುವಿನ ತಾಯಿ ಅಷ್ಟಾಗಿ ಕಾಣಲಿಲ್ಲ. ದಯೆಗೆ ಇಂಥ ಒಂದು ಕುರುಡು ಸದಾ ಅಂಟಿಕೊಂಡಿರುತ್ತದೆ. ಮಗುವಿನ ಮೇಲೆ ಮರುಕ ಹುಟ್ಟುವುದು ಸುಲಭ. ವ್ಯಸನದಲ್ಲಿ ಮುಳುಗಿದ, ಭೇಟಿಯ ದಿನವೂ ತಡವಾಗಿ ಬರುವ ತಾಯಿಯ ಮೇಲೆ ಅಷ್ಟು ಸುಲಭಕ್ಕೆ ಹುಟ್ಟುವುದಿಲ್ಲ.

ಚರ್ಚುಗಳು ಈ ಕೆಲಸಕ್ಕೆ ಆಧಾರವಾಗಿ ಇಟ್ಟುಕೊಳ್ಳುವುದು ಬೈಬಲಿನ ಯಾಕೋಬನ ಪತ್ರದ ಒಂದು ಮಾತನ್ನು. ಅಲ್ಲಿ ಅನಾಥರು ಮತ್ತು ವಿಧವೆಯರು ಜೊತೆಜೊತೆಗೆ ಬರುತ್ತಾರೆ. ಹಳೆಯ ಒಡಂಬಡಿಕೆಯಲ್ಲೂ ಈ ಜೋಡಿ ಮತ್ತೆ ಮತ್ತೆ ಕಾಣುತ್ತದೆ. ಹೀಬ್ರೂವಿನಲ್ಲಿ ‘ಯಾತೋಮ್’ ಎಂದರೆ ಮುಖ್ಯವಾಗಿ ತಂದೆಯಿಲ್ಲದ ಮಗು. ಹಾಗಾದರೆ ಆ ವಿಧವೆ ಯಾರು? ಎಷ್ಟೋ ಸಲ ಅದೇ ಮಗುವಿನ ತಾಯಿ. ಇಬ್ಬರೂ ಒಂದೇ ಮುರುಕು ಮನೆಯವರು. ಅನಾಥನನ್ನು ಎತ್ತಿಕೊಂಡು ವಿಧವೆಯನ್ನು ಬಾಗಿಲಲ್ಲೇ ಬಿಟ್ಟು ಬಂದರೆ ಆ ಮಾತನ್ನು ಅರ್ಧ ಮಾತ್ರ ಪಾಲಿಸಿದಂತೆ ಎಂದು ನನಗನ್ನಿಸುತ್ತದೆ.

ಇನ್ನರ್ಧವನ್ನು ಪಾಲಿಸಲು ಹೊರಟವರೂ ಇದ್ದಾರೆ. ಚಿಕಾಗೊದಲ್ಲಿ ಶುರುವಾದ ‘ಸೇಫ್ ಫ್ಯಾಮಿಲೀಸ್ ಫಾರ್ ಚಿಲ್ಡ್ರನ್’ ಚರ್ಚುಗಳ ಮೂಲಕ ಕೆಲಸ ಮಾಡುತ್ತದೆ. ತಾಯಿ ಆಸ್ಪತ್ರೆ ಸೇರಿದಾಗ, ಮನೆ ಕಳೆದುಕೊಂಡಾಗ, ಸರ್ಕಾರ ಮಧ್ಯೆ ಬರುವ ಮೊದಲೇ ಸ್ವಯಂಸೇವಕ ಕುಟುಂಬವೊಂದು ಮಗುವನ್ನು ಕೆಲವು ವಾರ ನೋಡಿಕೊಳ್ಳುತ್ತದೆ. ಹಕ್ಕು ಹೆತ್ತವರದೇ ಆಗಿರುತ್ತದೆ. ಇನ್ನು ಎಷ್ಟೋ ಚರ್ಚುಗಳಲ್ಲಿ ಮಗುವನ್ನು ಮನೆಗೆ ತರಲಾಗದವರು ತಂದವರ ಮನೆಗೆ ಅಡುಗೆ ಮಾಡಿ ಒಯ್ಯುತ್ತಾರೆ, ಬಟ್ಟೆ ಮಡಚಿಕೊಡುತ್ತಾರೆ, ಒಂದು ಸಂಜೆ ಮಗುವನ್ನು ನೋಡಿಕೊಂಡು ಸಾಕುತಾಯಿಗೆ ಬಿಡುವು ಕೊಡುತ್ತಾರೆ. ಹೆಸರು ಬರುವ ಕೆಲಸವಲ್ಲ ಇದು. ಆದರೆ ಇದಿಲ್ಲದೆ ಸಾಕುಮನೆಗಳು ಬೇಗ ಸೋಲುತ್ತವೆ, ಮಗು ಮತ್ತೊಂದು ಮನೆಗೆ ಗಂಟು ಕಟ್ಟುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಎಲ್ಲ ಮಕ್ಕಳೂ ಮರಳಬೇಕೆ? ಹೊಡೆಯುವ ಮನೆಗೂ ಮರಳಬೇಕೆ? ಖಂಡಿತ ಬೇಡ. ಪಾಸಮ್ ಟ್ರಾಟಿನ ಜನ ತಮ್ಮವರನ್ನಾಗಿಸಿಕೊಂಡದ್ದು ಮರಳುವ ದಾರಿ ಮುಚ್ಚಿಹೋದ ಮಕ್ಕಳನ್ನು. ಆದರೆ ದಾರಿ ಮುಚ್ಚಿದೆ ಎಂದು ತೀರ್ಮಾನಿಸಬೇಕಾದದ್ದು ಕೋರ್ಟು, ಮಗುವಿನ ಸುರಕ್ಷೆಯನ್ನು ನೋಡಿ. ‘ನಮ್ಮ ಮನೆಯಲ್ಲಿ ಇವನು ಚೆನ್ನಾಗಿರುತ್ತಾನೆ’ ಎಂಬ ಸಾಕಿದವರ ಆಸೆ ಅದಕ್ಕೆ ಕಾರಣವಾಗಬಾರದು. ಹೆಚ್ಚು ಕೋಣೆ, ಒಳ್ಳೆಯ ಶಾಲೆ, ಭಾನುವಾರದ ಪ್ರಾರ್ಥನೆ ಇವ್ಯಾವುವೂ ಬಡ ತಾಯಿಯ ವಿರುದ್ಧ ಸಾಕ್ಷಿಯಾಗಬಾರದು. ಹಾಗಾದರೆ ಬಡವರ ಮಕ್ಕಳೆಲ್ಲ ಉಳ್ಳವರಿಗೇ ಸೇರಬೇಕಾಗುತ್ತದೆ.

ನಮ್ಮಲ್ಲೂ ಈ ಪ್ರಶ್ನೆ ಬಾಗಿಲಿಗೆ ಬಂದಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಫಾಸ್ಟರ್ ಕೇರ್‌ಗೆ ಅವಕಾಶವಿದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ. 2024ರ ಮಾರ್ಗಸೂಚಿ ಒಂಟಿಯಾಗಿರುವವರಿಗೂ ಮಗುವನ್ನು ಸಾಕಲು ಅನುಮತಿ ಕೊಟ್ಟಿದೆ. ಅನ್ನ, ಅಕ್ಷರ ಕೊಡುವ ಪರಂಪರೆಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಸಿದ್ಧಗಂಗೆಯಂಥ ಮಠಗಳಲ್ಲಿ ಸಾವಿರಾರು ಮಕ್ಕಳು ಉಂಡು ಓದಿದ್ದಾರೆ, ರಜೆಗೆ ತಮ್ಮ ತಮ್ಮ ಮನೆಗೆ ಹೋಗಿ ಬಂದಿದ್ದಾರೆ. ಆದರೆ ಮಠದ ಪಂಕ್ತಿ ಬೇರೆ, ಮನೆಯ ಅಡುಗೆಕೋಣೆ ಬೇರೆ. ಮಗುವನ್ನು ಒಳಗೆ ಕರೆಯುವ ಮೊದಲು ಅದರ ಜಾತಿ ಯಾವುದು ಎಂಬ ಪ್ರಶ್ನೆ ನಮ್ಮ ಎಷ್ಟು ಮನೆಗಳಲ್ಲಿ ಏಳುವುದಿಲ್ಲ? ಏಳದ ಮನೆಯಲ್ಲೂ, ಮಗುವಿಗೆ ಹೊಸ ಹೆಸರಿಟ್ಟು ಹಳೆಯದನ್ನು ಮರೆಸಿಬಿಡೋಣ ಎನ್ನುವ ಹಿರಿಯರು ಇರುತ್ತಾರೆ. ಮಗು ಬರುವಾಗ ತಂದ ಹೆಸರು, ಭಾಷೆ, ತಾಯಿಯ ಒಂದು ಫೋಟೊ, ಇವುಗಳಿಗೆ ನಮ್ಮ ಮನೆಯಲ್ಲಿ ಜಾಗ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಹಾಸಿಗೆ, ತಟ್ಟೆಗಳ ವಿಚಾರ ಆಮೇಲೆ.