ಧಾರೆಗೆ ಮೊದಲೋ, ಲ್ಯಾಂಡಿಂಗಿಗೆ ಮೊದಲೋ?

ನಮ್ಮಲ್ಲಿ ಮದುವೆ ಒಂದೇ ಏಟಿಗೆ ಆಗಿಹೋಗುವುದಿಲ್ಲ. ಮಾತುಕತೆಯ ದಿನ ಕಾಲು ಭಾಗ, ನಿಶ್ಚಿತಾರ್ಥಕ್ಕೆ ಅರ್ಧ, ಧಾರೆಗೆ ಮುಕ್ಕಾಲು; ಹೆಣ್ಣು ಒಪ್ಪಿಸಿ ಮನೆ ತುಂಬಿಸಿಕೊಂಡ ಮೇಲೆ ಪೂರ್ತಿ. ಹಳೇ ಮೈಸೂರಿನ ಕಡೆಯಂತೂ ಆರತಕ್ಷತೆ ಹಿಂದಿನ ಸಂಜೆಯೇ ಮುಗಿದಿರುತ್ತದೆ. ಗಂಡು ಹೆಣ್ಣು ಜೋಡಿಯಾಗಿ ನಿಂತು, ಊರಿಗೆ ಊರೇ ಬಂದು ಫೋಟೊ ತೆಗೆಸಿಕೊಂಡು ಉಂಡು ಹೋದ ಮೇಲೆ, ತಾಳಿ ಕಟ್ಟುವುದು ಮಾರನೆಯ ಬೆಳಗ್ಗೆ. ಆ ಫೋಟೊಗಳನ್ನು ಕೆನಡಾದ ಸ್ಪಾನ್ಸರ್‌ಶಿಪ್ ಅರ್ಜಿಗೆ ಲಗತ್ತಿಸುವವರು ಕೆಳಗೆ ಒಂದು ಸಾಲು ವಿವರಣೆ ಬರೆಯಲಿ. ಮದುವೆಗಿಂತ ಒಂದು ದಿನ ಮುಂಚೆಯೇ ರಿಸೆಪ್ಷನ್ ಹೇಗಾಯಿತು ಎಂದು ಅಧಿಕಾರಿ ತಲೆ ಕೆರೆದುಕೊಂಡರೆ ತಪ್ಪು ಅವರದಲ್ಲ.

ಅರ್ಜಿಯಲ್ಲಿರುವುದು ಕೆಲವೇ ಚೌಕಗಳು: ಅವಿವಾಹಿತ, ವಿವಾಹಿತ, ಕಾಮನ್-ಲಾ, ಬೇರೆಯಾಗಿರುವವರು, ವಿಚ್ಛೇದಿತ ಹೀಗೆ. ಗಂಡು ಗೊತ್ತಾಗಿದೆ, ಮುಹೂರ್ತ ಮಾಘದಲ್ಲಿ ಎಂದು ಬರೆಯಲು ಅಲ್ಲಿ ಜಾಗವಿಲ್ಲ. 2002ರ ಜೂನ್ 28ರಂದು ಕೆನಡಾದ ಈಗಿನ ವಲಸೆ ಕಾಯಿದೆ ಜಾರಿಗೆ ಬಂದಾಗ, ನಿಶ್ಚಯವಾದ ಹೆಣ್ಣನ್ನೋ ಗಂಡನ್ನೋ ಕರೆಸಿಕೊಳ್ಳುತ್ತಿದ್ದ ಹಳೆಯ ವರ್ಗವನ್ನೇ ಕೈಬಿಟ್ಟರು. ಅಂಥವರಿಗೆ ಅಮೆರಿಕದಲ್ಲಿ ಕೆ-1 ವೀಸಾ ಇದೆ, ಆಸ್ಟ್ರೇಲಿಯಾದಲ್ಲಿ 300ನೇ ವರ್ಗದ ವೀಸಾ ಇದೆ. ಇಲ್ಲಿ ಕೆನಡಾದಲ್ಲಿ ಧಾರೆಯ ಹಿಂದಿನ ರಾತ್ರಿಯವರೆಗೂ ನೀವು ಅವಿವಾಹಿತರೇ, ಮರುದಿನ ವಿವಾಹಿತರು. ಆ ಮರುದಿನ ಫೈಲ್ ಎಲ್ಲಿದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ನಮ್ಮ ತೊಂದರೆ ಸುಳ್ಳು ಹೇಳುವುದಲ್ಲ, ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ರೂಢಿ. ಅಜ್ಜಿಗೆ ಒಂದು, ಆಫೀಸಿಗೆ ಒಂದು, ಬೀಗರ ಕಡೆಯವರಿಗೆ ಮತ್ತೊಂದು. ಊರಿನಲ್ಲಿ ಅದು ಸಂಬಂಧ ಕಾಪಾಡುವ ಜಾಣತನ. ವಲಸೆ ಇಲಾಖೆಗೆ, ತೆರಿಗೆ ಇಲಾಖೆಗೆ, ಪಾಸ್‌ಪೋರ್ಟಿನ ಅರ್ಜಿಗೆ ಬೇರೆಬೇರೆ ಉತ್ತರ ಹೋದರೆ ಮಾತ್ರ ಆ ಜಾಣತನವೇ ಕುತ್ತಿಗೆಗೆ ಬರುತ್ತದೆ.

ಹೆಚ್ಚು ಮನೆಗಳಲ್ಲಿ ಕಾಣುವ ಸಂದರ್ಭ ಇದು: ಹುಡುಗ ಅಂಕಗಳ ಮೇಲೆ ನಡೆಯುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಪಿಆರ್‌ಗೆ, ಅಂದರೆ ಕಾಯಂ ವಾಸದ ಹಕ್ಕಿಗೆ, ಫೈಲ್ ಹಾಕಿದ್ದಾನೆ. ಕಾಯುವ ತಿಂಗಳುಗಳಲ್ಲೇ ಸಂಬಂಧ ಕೂಡಿಬಂದು, ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೋಗಿ ಮದುವೆಯಾಗುತ್ತಾನೆ. ‘ಸುಮ್ನೆ ಇರಪ್ಪ, ಓಡ್ತಿರೋ ಫೈಲನ್ನ ಯಾಕೆ ಮುಟ್ತೀಯ, ಪಿಆರ್ ಬಂದಮೇಲೆ ಅವಳನ್ನ ಸ್ಪಾನ್ಸರ್ ಮಾಡಿದ್ರಾಯ್ತು’ ಎಂದು ಗಣೇಶನ ಹಬ್ಬದ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಅಭಯ ಕೊಡುತ್ತಾರೆ. ಈ ಮಾತಿಗಿಂತ ದುಬಾರಿಯಾದ ಸಲಹೆಯನ್ನು ನಾನು ಕೇಳಿಲ್ಲ.

ಕೆನಡಾದ ವಲಸೆ ನಿಯಮಾವಳಿಯ 117(9)(ಡಿ) ಉಪನಿಯಮದ ಪ್ರಕಾರ, ನಿಮಗೆ ಪಿಆರ್ ಸಿಗುವಾಗ ನೀವು ತಿಳಿಸದೆ, ಹಾಗಾಗಿ ಇಲಾಖೆ ಪರಿಶೀಲಿಸದೆ ಉಳಿದ ಕುಟುಂಬ ಸದಸ್ಯರನ್ನು ಮುಂದೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳಲಾಗದು. ವೀಸಾ ಕೈಗೆ ಬಂದು, ಲ್ಯಾಂಡಿಂಗ್ (ಪಿಆರ್ ಆಗಿ ಕೆನಡಾ ಪ್ರವೇಶ) ಆಗುವ ಮೊದಲು ಮದುವೆಯಾಗಿ ತಿಳಿಸದಿದ್ದರೂ ಅಷ್ಟೇ. ಆ ನಡುವೆ ಮದುವೆಯಾಗಿದ್ದರೆ ಅಧಿಕಾರಿಗೆ ತಿಳಿಸಲೇಬೇಕೆಂದು 51ನೇ ನಿಯಮ ಹೇಳುತ್ತದೆ. 1993ರಲ್ಲಿ ತಾಯಿಯ ಪ್ರಾಯೋಜಕತ್ವದಲ್ಲಿ ಫಿಲಿಪ್ಪೀನ್ಸ್‌ನಿಂದ ಬಂದ ಡಿ ಗುಜ್ಮನ್ ಎಂಬಾಕೆ ಮಗಳನ್ನು ತೋರಿಸಿ ಇಬ್ಬರು ಗಂಡುಮಕ್ಕಳ ವಿಷಯ ಬಿಟ್ಟಿದ್ದರು. ವರ್ಷಗಳ ಮೇಲೆ ಆ ಮಕ್ಕಳನ್ನು ಕರೆಸಲು ಹೊರಟಾಗ ಬಾಗಿಲು ಮುಚ್ಚಿತ್ತು. 2005ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. 2019ರ ಸೆಪ್ಟೆಂಬರಿನಲ್ಲಿ ಸರ್ಕಾರ ಸ್ವಲ್ಪ ಸಡಿಲಿಸಿತು ನಿಜ. ಆದರೆ ಆ ರಿಯಾಯಿತಿ ನಿರಾಶ್ರಿತರಾಗಿ ಬಂದವರಿಗೆ, ಸಂಗಾತಿಯೋ ಮಗುವೋ ಆಗಿ ಸ್ಪಾನ್ಸರ್ ಆಗಿ ಬಂದವರಿಗೆ. ಅಂಕ ಎಣಿಸಿ ಬಂದ ನಮ್ಮ ಇಂಜಿನಿಯರುಗಳು ಆ ಸಾಲಿನಲ್ಲಿಲ್ಲ. ಅವರಿಗೆ ಉಳಿಯುವುದು ಮಾನವೀಯ ನೆಲೆಯ ಮನವಿ. ಅದು ಹಕ್ಕಲ್ಲ, ಅಧಿಕಾರಿಯ ವಿವೇಚನೆ.

ಮುಚ್ಚಿಡುವುದಕ್ಕೆ ಕಾರಣವಾದರೂ ಏನು? ಅಂಕದ ಭಯ. ವಯಸ್ಸು, ಓದು, ಭಾಷೆ, ಕೆನಡಾದ ಕೆಲಸದ ಅನುಭವ ಇವಕ್ಕೆ ಒಂಟಿ ಅರ್ಜಿದಾರನಿಗೆ ಗರಿಷ್ಠ 500 ಅಂಕ. ಹೆಂಡತಿ ಜೊತೆಗೆ ಬರುವುದಾದರೆ ಅದು 460, ಮಿಕ್ಕ 40 ಆಕೆಯ ಓದು, ಭಾಷೆ, ಅನುಭವದ ಪಾಲು. ಆದರೆ ಆಕೆ ನಿಜಕ್ಕೂ ಈಗ ಬರದೆ ಆಮೇಲೆ ಬರುವುದಾದರೆ ಹಾಗೆಂದೇ ಬರೆಯಬಹುದು. ಆಗ ಅಂಕ ಒಂಟಿಯವನ ಲೆಕ್ಕದಲ್ಲೇ ಬೀಳುತ್ತದೆ. ಆಕೆ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡರೆ ಮುಂದೆ ಸ್ಪಾನ್ಸರ್ ಮಾಡುವ ದಾರಿಯೂ ತೆರೆದಿರುತ್ತದೆ. ಅಂದರೆ ಮುಚ್ಚಿಟ್ಟವನು ಗಳಿಸಿದ್ದು ಸೊನ್ನೆ. ಸಿಕ್ಕಿಬಿದ್ದರೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಐದು ವರ್ಷದ ನಿಷೇಧ.

ಇದರ ಮಗ್ಗುಲಲ್ಲೇ ಇನ್ನೊಂದು ಅವಸರವಿದೆ. ಛತ್ರ ಸಿಗುವುದು ಎಂಟು ತಿಂಗಳ ಮೇಲೆ, ಅಲ್ಲಿವರೆಗೆ ಯಾಕೆ ಸುಮ್ಮನಿರಬೇಕು, ಮೊದಲು ರಿಜಿಸ್ಟರ್ ಮಾಡಿಸಿ ಫೈಲ್ ಹಾಕೋಣ ಎನ್ನುವುದು. ಸಪ್ತಪದಿಯಂಥ ವಿಧಿ ನಡೆಯದೆ ಹಿಂದೂ ವಿವಾಹ ಕಾಯಿದೆಯಡಿ ನೋಂದಣಿ ಮಾಡಿಸಿದ ಮಾತ್ರಕ್ಕೆ ಮದುವೆ ಆಗದು ಎಂದು ಭಾರತದ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಹೇಳಿದೆ. ಆ ಪೀಠದಲ್ಲಿದ್ದವರು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ವೀಸಾಕ್ಕೆ ಸಮಯ ಉಳಿಸಲೆಂದು ಅಪ್ಪ-ಅಮ್ಮಂದಿರೇ ಇಂಥ ನೋಂದಣಿಗೆ ಒಪ್ಪುವ ಪರಿಪಾಠವನ್ನು ತೀರ್ಪು ನೇರವಾಗಿ ಆಕ್ಷೇಪಿಸಿತು. ನಮ್ಮ ಛತ್ರಗಳನ್ನು ಕಂಡವರು ಮಾತ್ರ ಇಷ್ಟು ಸರಿಯಾಗಿ ಹೇಳಬಲ್ಲರೇನೋ. ಇದಕ್ಕೂ ಕೆನಡಾಕ್ಕೂ ಏನು ಸಂಬಂಧ ಎಂದರೆ, ಮದುವೆ ಎಲ್ಲಿ ನಡೆಯಿತೋ ಅಲ್ಲಿನ ಕಾನೂನಿಗೆ ಒಪ್ಪಿಗೆಯಾಗಿದ್ದರೆ ಮಾತ್ರ ಇಲ್ಲಿಯೂ ಮದುವೆ. ಅಲ್ಲಿ ಸಿಂಧುವಲ್ಲದ್ದು ಇಲ್ಲಿ ಹೆಂಡತಿಯ ಅರ್ಜಿಯಾಗಿ ನಿಲ್ಲದು. ಅವಸರವಿದ್ದವರು ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ವಿಧಿವತ್ತಾಗಿ ಮದುವೆ ಮಾಡಿಕೊಂಡು ನೋಂದಾಯಿಸಲಿ, ಇಲ್ಲವೇ 1954ರ ವಿಶೇಷ ವಿವಾಹ ಕಾಯಿದೆಯಡಿ 30 ದಿನದ ನೋಟಿಸ್ ಕೊಟ್ಟು ಆಗಲಿ. ಆಮೇಲೆ ಛತ್ರದಲ್ಲಿ ಎಷ್ಟು ವೈಭವದ ಧಾರೆ ನಡೆದರೂ ಫಾರ್ಮಿನಲ್ಲಿ ಮದುವೆಯ ತಾರೀಖು ಮೊದಲನೆಯದೇ. ಲಗ್ನಪತ್ರಿಕೆಯಲ್ಲಿ ಬೇರೆ ತಾರೀಖಿದ್ದರೆ ಅದಕ್ಕೂ ಒಂದು ಪ್ಯಾರಾ ವಿವರಣೆ. ವಿಡಿಯೊ ಕರೆಯಲ್ಲೇ ಮುಗಿಸಿಬಿಡೋಣ ಎನ್ನುವವರಿಗೆ: ವಧೂವರರು ಇಬ್ಬರೂ ಒಂದೆಡೆ ಇಲ್ಲದೆ ಆದ ಮದುವೆಯನ್ನು ಕೆನಡಾ 2015ರಿಂದ ವಲಸೆಗೆ ಒಪ್ಪುವುದಿಲ್ಲ.

ಕಾಮನ್-ಲಾ ವಿಷಯ ನಮ್ಮ ಸಂಘಗಳಲ್ಲಿ ಪಿಸುಮಾತು. ಇಲ್ಲೇ ಓದಲು ಬಂದು ಇಲ್ಲೇ ಜೊತೆಯಾದ ಮಕ್ಕಳು ಈಗ ಬೇಕಾದಷ್ಟಿದ್ದಾರೆ, ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳೂ ಸೇರಿದಂತೆ. ಸತತ 12 ತಿಂಗಳು ದಂಪತಿಗಳಂತೆ ಒಂದೇ ಮನೆಯಲ್ಲಿದ್ದರೆ ಕಾನೂನಿನ ಕಣ್ಣಲ್ಲಿ ಸಂಗಾತಿಗಳು. ಹಾಗೆ ಅರ್ಜಿ ಹಾಕಿ, ಕಾಯುವಾಗಲೇ ಮದುವೆಯಾದರೆ ಫೈಲ್ ವಾಪಸ್ ತೆಗೆಯಬೇಕಿಲ್ಲ. ವೆಬ್‌ಫಾರ್ಮ್‌ನಲ್ಲಿ ತಿಳಿಸಿ, ಮದುವೆ ಪತ್ರವನ್ನೂ ತಿದ್ದಿದ ಫಾರ್ಮುಗಳನ್ನೂ ಕಳಿಸಿದರೆ ಆಯಿತು. ಆದರೆ ಅರ್ಜಿ ಹಾಕಿದ ದಿನ ಹನ್ನೊಂದೇ ತಿಂಗಳಾಗಿದ್ದರೆ, ಆಮೇಲಿನ ತಾಳಿ ಆ ಕೊರತೆ ತುಂಬದು. ಎಡವುವುದು ಸಾಮಾನ್ಯವಾಗಿ ತೆರಿಗೆಯಲ್ಲಿ. ವಲಸೆ ಇಲಾಖೆಗೆ ಕಾಮನ್-ಲಾ ಎಂದು ಬರೆದವರು ಅದೇ ವರ್ಷ ತೆರಿಗೆಗೆ ಸಿಂಗಲ್ ಎಂದು ಬರೆದಿರುತ್ತಾರೆ. ಸ್ಥಿತಿ ಬದಲಾದರೆ ಮುಂದಿನ ತಿಂಗಳ ಕೊನೆಯೊಳಗೆ ತೆರಿಗೆ ಇಲಾಖೆಗೂ ತಿಳಿಸಬೇಕು.

ಅರ್ಜಿಯಲ್ಲಿ ಸಂಬಂಧ ಎರಡೂ ಮನೆಯವರಿಗೆ ಗೊತ್ತೇ ಎಂಬ ಅರ್ಥದ ಪ್ರಶ್ನೆಯೂ ಬರುತ್ತದೆ. ಮಂಡ್ಯದಲ್ಲಿರುವ ಅಪ್ಪನಿಗೆ ಹೇಳಿಲ್ಲ ಎಂದಾದರೆ ಹಾಗೆಂದೇ ಬರೆದು, ಯಾಕೆ ಎಂದೂ ಬರೆಯುವುದು ಸರಿ. ಅಪ್ಪನ ಹೆಸರಿನಲ್ಲಿ ಬರೆಸಿದ ಒಪ್ಪಿಗೆ ಪತ್ರಕ್ಕಿಂತ ಅದು ಎಷ್ಟೋ ಮೇಲು.

ಮದುವೆ ಮುರಿದ ಸುದ್ದಿ ಮಾತ್ರ ಪಿಸುಮಾತಿಗೂ ಬರುವುದಿಲ್ಲ. ಬೇರೆಯಾಗಿದ್ದಾರೆ, ಊರಲ್ಲಿ ಹೇಳಿಲ್ಲ, ಫೈಲಿನಲ್ಲಿ ಇನ್ನೂ ಜೋಡಿ. ಪಿಆರ್ ಸಿಗುವ ಮೊದಲೇ ಸಂಸಾರ ಮುರಿದಿದ್ದರೆ ತಿಳಿಸಲೇಬೇಕು; ಅಲ್ಲಿಯವರೆಗೆ ಸ್ಪಾನ್ಸರ್ ಹಿಂದೆ ಸರಿಯಲೂಬಹುದು. ಪಿಆರ್ ಸಿಕ್ಕ ಮೇಲೆ ವಿಚ್ಛೇದನವಾದರೂ ಸ್ಪಾನ್ಸರ್ ಬರೆದುಕೊಟ್ಟ ಮೂರು ವರ್ಷದ ಜವಾಬ್ದಾರಿ ತಪ್ಪುವುದಿಲ್ಲ. ಆ ಅವಧಿಯಲ್ಲಿ ಆಕೆ ಸರ್ಕಾರದ ನೆರವು ಪಡೆದರೆ ಹಣ ಕಟ್ಟಬೇಕಾದವನು ಅವನೇ.

ಹೆಂಡತಿಯನ್ನು ಹೆದರಿಸುವ ಹಳೆಯ ಮಾತೊಂದು ಇನ್ನೂ ಚಾಲ್ತಿಯಲ್ಲಿದೆ: ‘ಎರಡು ವರ್ಷ ನನ್ನ ಜೊತೆ ಇರದಿದ್ರೆ ನಿನ್ನನ್ನ ವಾಪಸ್ ಕಳಿಸ್ತಾರೆ.’ 2012ರ ಅಕ್ಟೋಬರಿನಲ್ಲಿ ಅಂಥ ಷರತ್ತು ಬಂದದ್ದು ನಿಜ. ಹಿಂಸೆಯ ಮನೆಯಲ್ಲಿ ಹೆಂಗಸರನ್ನು ಕಟ್ಟಿಹಾಕುತ್ತದೆ ಎಂಬ ಟೀಕೆಯ ನಂತರ 2017ರ ಏಪ್ರಿಲ್‌ನಲ್ಲಿ ಅದನ್ನು ತೆಗೆದೂ ಹಾಕಿದರು. ಈಗ ಪಿಆರ್ ಸಿಕ್ಕವಳು ಗಂಡನನ್ನು ಬಿಟ್ಟ ಮಾತ್ರಕ್ಕೆ ಅದನ್ನು ಕಳೆದುಕೊಳ್ಳುವುದಿಲ್ಲ. ಕೆನಡಾದಲ್ಲೇ ಇದ್ದು, ಫೈಲ್ ಇನ್ನೂ ನಡೆಯುತ್ತಿರುವಾಗ ಹೊಡೆತ ತಿನ್ನುತ್ತಿರುವವಳಿಗಾಗಿ 2019ರ ಜುಲೈನಿಂದ ಶುಲ್ಕವಿಲ್ಲದ ವಿಶೇಷ ತಾತ್ಕಾಲಿಕ ಪರವಾನಗಿ ಇದೆ. ಕನಿಷ್ಠ ಆರು ತಿಂಗಳದ್ದು, ಅದರ ಮೇಲೆ ಕೆಲಸಕ್ಕೂ ಅರ್ಜಿ ಹಾಕಬಹುದು. ಬಾಡಿಗೆ ಮನೆ, ಟಿಫನ್ ಸರ್ವಿಸ್, ರಾಜ್ಯೋತ್ಸವದ ಟಿಕೆಟು ಎಲ್ಲವೂ ಓಡಾಡುವ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಒಂದು ಸುದ್ದಿ ಬಂದದ್ದನ್ನು ನಾನು ಕಂಡಿಲ್ಲ.