ಕುಡಿತ ಬಿಟ್ಟ ಮನೆಯಲ್ಲಿ ದಾಂಪತ್ಯಧರ್ಮ

ಶರಣಧರ್ಮವು ಸಂಸಾರವನ್ನು ತೊರೆದು ಸಾಧಿಸತಕ್ಕ ಧರ್ಮವಲ್ಲ. ಸತಿಪತಿಗಳಿಬ್ಬರೂ ಲಿಂಗಧಾರಿಗಳಾಗಿ, ಒಂದೇ ಮನೆಯಲ್ಲಿ ಕಾಯಕಗೈದು ದಾಸೋಹ ನಡೆಸಿ ಬಾಳುವುದೇ ಅದರ ರಾಜಮಾರ್ಗ. ಆದಕಾರಣ ಗೃಹಸ್ಥನು ಮದ್ಯಕ್ಕೆ ವಶನಾದಾಗ ಕೆಡುವುದು ಅವನ ದೇಹವೊಂದೇ ಅಲ್ಲ; ಮನೆಯ ಕಾಯಕ ಕೆಡುವುದು, ದಾಸೋಹ ನಿಲ್ಲುವುದು, ಒಬ್ಬರ ನುಡಿಯನ್ನೊಬ್ಬರು ನಂಬುವುದು ತಪ್ಪುವುದು.

ಮದ್ಯದಂಗಡಿಗೆ ಹೋಗುವ ಮುನ್ನ ಕೊರಳ ಕರಡಿಗೆಯನ್ನು ತೆಗೆದು ಗೂಟಕ್ಕೆ ತೂಗುಹಾಕಿ ಹೋಗುವವರುಂಟು. ಲಿಂಗಕ್ಕೆ ಮೈಲಿಗೆ ತಟ್ಟಲಿಲ್ಲವೆಂಬುದು ಅವರ ಸಮಾಧಾನ. ಅಂಗದಿಂದ ಲಿಂಗವು ಅಗಲಬಾರದೆಂಬ ದೀಕ್ಷೆಯ ನಿಯಮವನ್ನು ಹೀಗೆ ಎರಡು ಗಳಿಗೆ ಬಿಡಲೊಪ್ಪಿದವನು ಹೆಂಡತಿಮಕ್ಕಳ ನೆನಪನ್ನೂ ಅದೇ ಗೂಟಕ್ಕೆ ಸಿಕ್ಕಿಸಿ ಹೊರಟಿರುತ್ತಾನೆ.

ಇತ್ತ ಮನೆಯೊಳಗೆ ಅವಳ ಪಾಡೇನು? ಕೆಲಸದ ಕಡೆಯಿಂದ ಯಾರಾದರೂ ಬಂದರೆ ‘ಜ್ವರ’ವೆಂದು ಹೇಳಿ ಕಳುಹಿಸುವಳು. ಬೀಗರು ಬಂದರೆ ‘ಪರಊರಿಗೆ ಹೋಗಿದ್ದಾರೆ’ ಎನ್ನುವಳು. ಬೆಂಡೋಲೆಯನ್ನು ಒತ್ತೆಯಿಟ್ಟು ಅವನ ಸಾಲ ತೀರಿಸುವಳು. ಮಕ್ಕಳು ಹೊಸ್ತಿಲಾಚೆಯ ಹೆಜ್ಜೆಯ ಸಪ್ಪಳದಿಂದಲೇ ತಂದೆಯ ಅಂದಿನ ಸ್ಥಿತಿಯನ್ನು ಅಳೆಯುವರು. ಆ ಸುಳ್ಳುಗಳು ಮಮತೆಯಿಂದ ಹುಟ್ಟಿದುವು, ನಿಜ; ಆದರೆ ಕುಡಿತವು ಅವುಗಳ ಮರೆಯಲ್ಲಿಯೇ ಬೆಳೆಯುತ್ತದೆ. ಏಟು ತಿಂದು ಸುಮ್ಮನಿರುವುದನ್ನು ಪಾತಿವ್ರತ್ಯವೆಂದು ಹೊಗಳುವವರು ಶರಣರ ಮಾತನ್ನು ಆಡುತ್ತಿಲ್ಲ. ಮದುವೆಯಾದರೆ ಹುಡುಗ ಸರಿಹೋಗುತ್ತಾನೆಂದು ಪರರ ಮಗಳನ್ನು ತಂದು ಇಂಥ ಮನೆಗೆ ತುಂಬಿಸಿಕೊಳ್ಳುವ ಹಿರಿಯರೂ ಈ ಪಾಪದಲ್ಲಿ ಪಾಲುದಾರರು.

ಈ ರೋಗ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ವೃತ್ತಿಯ ಮಾರಯ್ಯನೂ ಒಬ್ಬನು; ಹೆಂಡದ ಮಾರಯ್ಯನೆಂದೇ ಪ್ರಸಿದ್ಧನಾದ ಆತನನ್ನು ಶರಣಸಂಕುಲವು ದೂರವಿಡಲಿಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು, ಕಾಸುಕಾಳುಗಳಿಗೆ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಲು ಹೊರಟರು. 2018ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾರ್ಯದ ಹಿಂದೆ ಅವರಿದ್ದರು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ಮಾರಾಟವು ನಿಂತಿತು; ಕುಡಿತ ನಿಲ್ಲಲಿಲ್ಲ, ಬೇರೆ ಸೀಸೆಗಳಿಗೆ ತಿರುಗಿತು. ಕಾನೂನಿನಿಂದ ಆಗದ್ದನ್ನು ಜೋಳಿಗೆಯಿಂದ ಬೇಡಬೇಕಾದ ಅಗತ್ಯ ಇದರಿಂದಲೇ ಸ್ಪಷ್ಟ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳತಕ್ಕದ್ದು. ಬಹುಕಾಲ, ಬಹಳವಾಗಿ ಕುಡಿದವನು ಒಮ್ಮೆಲೇ ಬಿಟ್ಟರೆ ಮೊದಲ ಕೆಲವು ದಿನಗಳಲ್ಲಿ ಕೈಕಾಲು ನಡುಗುವುದು, ಮೂರ್ಛೆರೋಗದಂತೆ ಸೆಳವು ಬರುವುದು, ಇಲ್ಲದ್ದು ಕಾಣುವುದು ಉಂಟು, ಪ್ರಾಣಕ್ಕೂ ಅಪಾಯವಾಗಬಹುದು. ಗುರುಸನ್ನಿಧಿಯಲ್ಲಿ ಪ್ರಮಾಣ ಮಾಡಿದವನು ವೈದ್ಯರನ್ನೂ ಕಾಣಬೇಕು. ಔಷಧ ಸೇವಿಸಿದರೆ ಪ್ರಮಾಣಕ್ಕೆ ಕುಂದಿಲ್ಲ.

ಇನ್ನು ಮುಖ್ಯವಾದ ಮಾತು. ಕುಡಿತ ಬಿಟ್ಟ ದಿನವೇ ದಾಂಪತ್ಯವು ಮೊದಲಿನಂತಾಗುವುದೆಂದು ಗಂಡನು ಬಗೆಯುತ್ತಾನೆ. ಹಾಗಾಗುವುದಿಲ್ಲ. ಜೋಳಿಗೆಗೆ ಬಿದ್ದ ಚಟವನ್ನು ಮನೆಯಾಕೆಯು ಕಣ್ಣಾರೆ ಕಾಣಲಾರಳು. ಅವಳು ಕಾಯುವುದು ಸಂಜೆ ಅವನು ಮರಳುವ ಹೊತ್ತನ್ನು. ಎಷ್ಟೋ ವರುಷ ಸಾಲಗಾರರಿಗೆ ಉತ್ತರಿಸಿ, ಮಕ್ಕಳ ಶುಲ್ಕ ಹೊಂದಿಸಿ, ಪೆಟ್ಟಿಗೆಯ ಕೀಲಿಕೈಯನ್ನು ಸೊಂಟದಲ್ಲಿ ಕಾಪಾಡಿದವಳಿಗೆ, ತಿಂಗಳು ತುಂಬುವಷ್ಟರಲ್ಲಿ ‘ನಾನು ಬಿಟ್ಟೆನಲ್ಲ, ಕೀಲಿಕೈ ಕೊಡು’ ಎಂದರೆ ಕೈ ಬಾರದು. ಅದನ್ನು ಅವಿಧೇಯತೆಯೆಂದು ಎಣಿಸಿ ಅವನು ಸಿಡುಕುವನು. ಕುಡಿದಾಗಲೇ ಮಾತು ಮೆತ್ತಗಿತ್ತೆಂದು ಅವಳಿಗೂ ಒಮ್ಮೊಮ್ಮೆ ಅನಿಸುವುದುಂಟು. ಪುನಃ ಸೀಸೆಗೆ ಕೈ ಹೋಗಬಹುದಾದ ಗಳಿಗೆಗಳಲ್ಲಿ ಇದೂ ಒಂದು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನಾಯ್ದು ತಂದ ಪತಿಯನ್ನು ಲಕ್ಕಮ್ಮನು ಬಾಗಿಲಲ್ಲಿಯೇ ತಡೆದು, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಮಾರಯ್ಯನು ಅವಮಾನವೆನ್ನಲಿಲ್ಲ, ಹಿಂತಿರುಗಿ ನಡೆದನು. ಹೆಂಡತಿಯು ಗಂಡನ ತಪ್ಪನ್ನು ಅಳೆದು ಹೇಳುವ ಅಧಿಕಾರವನ್ನು ಶರಣರು ಧರ್ಮದೊಳಗೇ ಇಟ್ಟಿದ್ದಾರೆ. ಚಟ ಬಿಟ್ಟವನು ಕೂಡ ಹೀಗೆಯೇ ಹಿಂತಿರುಗಿ ನಡೆಯಬೇಕು: ದುಡಿದ ಕೂಲಿಯನ್ನು ಎಣಿಸಿ ಅವಳ ಕೈಗಿಡಬೇಕು, ತಡವಾದರೆ ಕಾರಣ ಹೇಳಬೇಕು, ಅವಳು ಸಂಶಯದಿಂದ ಉಸಿರನ್ನು ಮೂಸಿದರೂ ಸಹಿಸಬೇಕು. ಒತ್ತೆಯಿಟ್ಟ ಬೆಂಡೋಲೆಯನ್ನು ಬಿಡಿಸಿ ತಂದರೆ ಅದು ನೂರು ಆಣೆಗಿಂತ ಹೆಚ್ಚಿನ ಮಾತು.

ಹೆಂಡತಿಯ ಪಾಲಿಗೂ ಒಂದು ಕೆಲಸ ಉಳಿದಿದೆ. ಹಳೆಯ ರಾತ್ರಿಗಳನ್ನು ನಿತ್ಯವೂ ಊಟದ ಎಡೆಯ ಮುಂದೆ ಬಡಿಸುತ್ತಿದ್ದರೆ ಆ ಎಡೆಯು ಪ್ರಸಾದವಾಗದು. ಮರೆಯಬೇಕೆಂದಲ್ಲ, ತವರಿನವರಲ್ಲಿಯೋ ನಂಬಿದ ಗೆಳತಿಯಲ್ಲಿಯೋ ಗುರುಗಳಲ್ಲಿಯೋ ಹೇಳಿಕೊಂಡು ಹಗುರಾಗಬೇಕು. ಅವನು ಮತ್ತೊಮ್ಮೆ ಎಡವಿದರೆ ಬಚ್ಚಿಡದೆ ಕೂಡಲೇ ವೈದ್ಯರಿಗೂ ಗುರುಗಳಿಗೂ ತಿಳಿಸಬೇಕು. ಒಮ್ಮೆ ಎಡವಿದನೆಂದು ಹಿಂದಿನ ಆರು ತಿಂಗಳು ಸುಳ್ಳಾಗುವುದಿಲ್ಲ.

ಮಕ್ಕಳನ್ನು ಒತ್ತಾಯಿಸಬಾರದು. ಸಂಜೆಯ ಆ ಹೊತ್ತಿನಲ್ಲಿ ತಂದೆಯು ಸ್ನಾನ ಮಾಡಿ, ವಿಭೂತಿ ಧರಿಸಿ, ಕರಡಿಗೆಯನ್ನು ಬಿಚ್ಚಿ ಅಂಗೈಯ ಲಿಂಗಕ್ಕೆ ಪೂಜೆಗೆ ಕುಳಿತಿರಲಿ. ಮೊದಮೊದಲು ಮಗನು ಒಳಗೋಣೆಯಿಂದ ಇಣುಕಿ ನೋಡಿ ಹೋಗುವನು. ಹೋಗಲಿ. ಕರೆಯದೆಯೇ ಬಂದು ಮಗ್ಗುಲಲ್ಲಿ ಕುಳಿತ ದಿನ, ಅವನ ಹಣೆಗೂ ವಿಭೂತಿಯಿಡಲಿ.