ಓಡಿದ ದಾರಿಯ ಲೆಕ್ಕ ಮತ್ತು ಅಚೌರ್ಯಾಣುವ್ರತ

ಕಡಲೆಕಾಯಿ ಮತ್ತು ಹುಣಸೆಹಣ್ಣಿನ ವ್ಯಾಪಾರವನ್ನು ತಲೆಮಾರುಗಳಿಂದ ಕಂಡಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಜನರಿಗೆ ಅಳತೆಯ ಮೋಸ ಹೊಸದಲ್ಲ. ತೂಕ ಹೆಚ್ಚಲೆಂದು ಕಡಲೆಕಾಯಿಗೆ ನೀರು ಚಿಮುಕಿಸುವುದು, ಹುಣಸೆಯ ಉಂಡೆಯೊಳಗೆ ಬೀಜ ಅಡಗಿಸುವುದು, ತಳ ತಗ್ಗಿದ ಸೇರಿನಲ್ಲಿ ಅಳೆಯುವುದು ಇವೆಲ್ಲವನ್ನೂ ಹಿರಿಯರು ಬಲ್ಲರು. ಕೊಳ್ಳುವವನು ಕಾಯನ್ನು ಒಡೆದು ನೋಡುತ್ತಿದ್ದನು, ಹಣ್ಣನ್ನು ಹಿಸುಕಿ ನೋಡುತ್ತಿದ್ದನು. ಹಾಗೆ ನೋಡಿದುದಕ್ಕೆ ಪ್ರಾಮಾಣಿಕನಾದ ಮಾರುವವನು ಎಂದೂ ಕೋಪಿಸಿಕೊಳ್ಳುತ್ತಿರಲಿಲ್ಲ.

ಇಂದು ಅದೇ ಮೋಸ ಮತ್ತೊಂದು ವೇಷದಲ್ಲಿ ಮನೆಯ ಬಾಗಿಲಿಗೆ ಬಂದಿದೆ. ಒಬ್ಬರು ಬಳಸಿದ ಕಾರನ್ನು ಇನ್ನೊಬ್ಬರು ಕೊಳ್ಳುವಾಗ ಬೆಲೆಯನ್ನು ನಿರ್ಣಯಿಸುವ ಮುಖ್ಯ ಸಂಗತಿಗಳು ಎರಡು: ವಾಹನದ ವಯಸ್ಸು, ಅದು ಓಡಿದ ದೂರ. ವಯಸ್ಸು ನೋಂದಣಿ ಪತ್ರದಲ್ಲಿರುತ್ತದೆ. ಅದನ್ನು ಬದಲಿಸುವುದು ಕಷ್ಟ. ದೂರವಾದರೋ ಚಾಲಕನ ಮುಂದಿನ ಮೀಟರಿನಲ್ಲಿ ಕೆಲವು ಅಂಕಿಗಳಾಗಿ ಮಾತ್ರ ಇರುತ್ತದೆ. ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಬರುವ ತಂತಿಯೊಂದು ಅಂಕಿಯ ಚಕ್ರಗಳನ್ನು ತಿರುಗಿಸುತ್ತಿತ್ತು. ಮೀಟರನ್ನು ಬಿಚ್ಚಿ ಆ ಚಕ್ರಗಳನ್ನು ಹಿಂದಕ್ಕೆ ಸರಿಸುತ್ತಿದ್ದರು. ಈಗಿನ ಕಾರುಗಳಲ್ಲಿ ಅಂಕಿ ಒಂದು ಸಣ್ಣ ಚಿಪ್ಪಿನಲ್ಲಿ ಉಳಿಯುತ್ತದೆ. ಉಪಕರಣವೊಂದನ್ನು ಜೋಡಿಸಿ ಅದನ್ನು ಅಳಿಸಿ ಬೇರೆ ಅಂಕಿ ಬರೆಯುತ್ತಾರೆ. 1,40,000 ಕಿ.ಮೀ. ಓಡಿದ ವಾಹನ ಕ್ಷಣಮಾತ್ರದಲ್ಲಿ 55,000 ಕಿ.ಮೀ. ಓಡಿದ ವಾಹನವಾಗುತ್ತದೆ. ಕಡಲೆಕಾಯಿಯಲ್ಲಿ ಇಲ್ಲದ ತೂಕವನ್ನು ಸೇರಿಸುತ್ತಿದ್ದರು. ಇಲ್ಲಿ ಇರುವ ಸವೆತವನ್ನು ಮರೆಮಾಡುತ್ತಾರೆ. ಎರಡೂ ಸುಳ್ಳು ಅಳತೆಗಳೇ.

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರ. ಮೀಟರ್ ತಿರುಗಿಸುವ ಒಂದೇ ಕೆಲಸದಲ್ಲಿ ಈ ಐದೂ ಸೇರಿಕೊಂಡಿರುವುದನ್ನು ಗಮನಿಸಬೇಕು. ಹಣ ಕೊಟ್ಟು ತಿದ್ದಿಸುವವನದು ಕಳ್ಳತನಕ್ಕೆ ಪ್ರೇರಣೆ. ತಿದ್ದಿದುದೆಂದು ತಿಳಿದೂ ಲಾಭಕ್ಕಾಗಿ ಕೊಳ್ಳುವವನದು ಕದ್ದದ್ದನ್ನು ಸ್ವೀಕರಿಸುವ ದೋಷ. ರಾಜ್ಯದ ಕಾನೂನನ್ನು ಮೀರುವುದು ಮೂರನೆಯದು. ಅಳತೆಯನ್ನು ಕುಗ್ಗಿಸುವುದು ನಾಲ್ಕನೆಯದು. ಸವೆದ ವಸ್ತುವನ್ನು ಸವೆಯದ ವಸ್ತುವಿನ ರೂಪದಲ್ಲಿ ದಾಟಿಸುವುದು ಐದನೆಯದು. ಇದಕ್ಕೆ ಹೊಂದುವಂತೆ ಸರ್ವೀಸ್ ಪುಸ್ತಕವನ್ನೂ ಸುಳ್ಳಾಗಿ ಬರೆದರೆ ಸತ್ಯಾಣುವ್ರತದ ಅತಿಚಾರವಾದ ಕೂಟಲೇಖಕ್ರಿಯೆಯೂ ಜೊತೆಗೂಡುತ್ತದೆ. ‘ಎಲ್ಲರೂ ಮಾಡುವುದೇ’ ಎಂಬ ಮಾತಿನಿಂದ ಇವುಗಳಲ್ಲಿ ಒಂದೂ ಹಗುರವಾಗುವುದಿಲ್ಲ.

ಆದರೆ ವ್ರತವು ಮಾರುವವನಿಗೆ ಮಾತ್ರ ಎಂದು ತಿಳಿಯಬಾರದು. ಕೊಳ್ಳುವವನಿಗೂ ಅಲ್ಲಿ ಕರ್ತವ್ಯವಿದೆ. ಮಾರುವವನನ್ನು ಸಂಶಯಿಸುವುದು ಸರಿಯೇ ಎಂದು ಕೆಲವು ಸಾತ್ವಿಕರು ಹಿಂಜರಿಯುತ್ತಾರೆ. ವ್ಯಕ್ತಿಯ ಮೇಲೆ ದೋಷಾರೋಪ ಮಾಡುವುದು ಬೇರೆ, ವಸ್ತುವನ್ನು ಪರೀಕ್ಷಿಸುವುದು ಬೇರೆ. ಕಣ್ಣುಮುಚ್ಚಿ ಕೊಳ್ಳುವವನು ಸುಳ್ಳಿಗೆ ಮಾರುಕಟ್ಟೆಯನ್ನು ಒದಗಿಸುತ್ತಾನೆ. ಎಷ್ಟೋ ಸಲ ಕೊಳ್ಳುವವನನ್ನು ಮೋಸಗೊಳಿಸುವುದು ಮೀಟರಿಗಿಂತ ಹೆಚ್ಚಾಗಿ ಅವನ ಲೋಭವೇ ಆಗಿರುತ್ತದೆ. ಎಂಟು ವರ್ಷದ ಕಾರು 40,000 ಕಿ.ಮೀ. ಮಾತ್ರ ಓಡಿದೆ, ಬೆಲೆಯೂ ಕಡಿಮೆ ಎಂದಾಗ ಮನಸ್ಸು ಪ್ರಶ್ನೆ ಕೇಳಲು ಒಪ್ಪುವುದಿಲ್ಲ.

ಪರೀಕ್ಷಿಸುವ ಕ್ರಮದಲ್ಲಿ ಅನೇಕಾಂತ ದೃಷ್ಟಿ ಬಹಳ ಉಪಯುಕ್ತ. ಮೀಟರಿನ ಅಂಕಿ ಒಂದು ಕಡೆಯಿಂದ ಕಂಡ ನೋಟ ಮಾತ್ರ. ಕಾರಿನ ಉಳಿದ ಅಂಗಗಳೂ ತಮ್ಮ ತಮ್ಮ ಸಾಕ್ಷ್ಯ ಹೇಳುತ್ತವೆ. ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ರಬ್ಬರು, ಸ್ಟೀರಿಂಗಿನ ಹಿಡಿ, ಗೇರಿನ ಗುಂಡಿ, ಚಾಲಕನ ಆಸನದ ಹೊರ ಅಂಚು, ಸೀಟ್ ಬೆಲ್ಟಿನ ಪಟ್ಟಿ ಇವುಗಳ ಸವೆತ 40,000 ಕಿ.ಮೀ. ಎಂಬ ಮಾತಿಗೆ ಹೊಂದುತ್ತದೆಯೇ? ಸವೆದಿರಬೇಕಾದ ಪೆಡಲಿನ ರಬ್ಬರು ಹೊಸದಾಗಿದ್ದರೆ ಅದನ್ನು ಬದಲಿಸಿದ್ದೇಕೆ? ಟೈರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. 2019ರ ಕಾರು 25,000 ಕಿ.ಮೀ. ಮಾತ್ರ ಓಡಿದ್ದರೆ, 2022ರ ಟೈರುಗಳು ನಾಲ್ಕು ಚಕ್ರಕ್ಕೂ ಬಂದದ್ದು ಹೇಗೆ ಎಂದು ಕೇಳುವುದು ನ್ಯಾಯ. ಎಣ್ಣೆ ಬದಲಿಸಿದಾಗ ಗ್ಯಾರೇಜಿನವರು ಬಾಗಿಲ ಅಂಚಿನಲ್ಲಿಯೋ ಬಾನೆಟ್ಟಿನ ಕೆಳಗೋ ಅಂಟಿಸಿದ ಚೀಟಿಯಲ್ಲಿ ಅಂದಿನ ಕಿಲೋಮೀಟರು ಬರೆದಿರುವುದುಂಟು.

ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರಗಳಲ್ಲಿ ಪ್ರತಿ ಭೇಟಿಯ ದಿನಾಂಕವೂ ಕಿಲೋಮೀಟರೂ ದಾಖಲಾಗುತ್ತವೆ. ಮಾರುವವನ ಸಮ್ಮತಿಯೊಡನೆ ಆ ಇತಿಹಾಸವನ್ನು ಕೇಳಬೇಕು. ಅನೇಕ ಕಾರುಗಳಲ್ಲಿ ಮೀಟರಿನ ಚಿಪ್ಪಲ್ಲದೆ ಬೇರೆ ನಿಯಂತ್ರಣ ಘಟಕಗಳಲ್ಲಿಯೂ ದೂರದ ಗುರುತು ಉಳಿದಿರುತ್ತದೆ. ಬಲ್ಲ ಮೆಕ್ಯಾನಿಕನು ಸ್ಕ್ಯಾನರ್ ಜೋಡಿಸಿ ಅದನ್ನು ಓದಬಲ್ಲನು. ನೋಂದಣಿ ಪತ್ರದಲ್ಲಿ ಎಷ್ಟನೆಯ ಮಾಲೀಕ ಎಂಬುದು, ಹಿಂದೆ ಬಾಡಿಗೆಗೆ ಓಡಿದ ವಾಹನವೇ ಎಂಬುದು, ಸಾಲದ ನಮೂದು, ವಿಮೆಯ ಹಳೆಯ ಪತ್ರಗಳು ಇವೆಲ್ಲವನ್ನೂ ಒಂದರೊಡನೊಂದು ಹೋಲಿಸಬೇಕು.

ಸ್ಥಳೀಯ ತಿಳಿವಳಿಕೆಯೂ ಒಂದು ಅಳತೆಗೋಲು. ಮಧುಗಿರಿಯಲ್ಲಿ ಮನೆ ಮಾಡಿ ಪಾವಗಡದಲ್ಲಿ ಉದ್ಯೋಗ ಮಾಡುವವನು ದಿನಕ್ಕೆ ಹೋಗಿಬರಲು ಸುಮಾರು 120 ಕಿ.ಮೀ. ಓಡಿಸುತ್ತಾನೆ; ವರ್ಷಕ್ಕೆ 250 ದಿನವೆಂದರೆ 30,000 ಕಿ.ಮೀ., ಐದು ವರ್ಷಕ್ಕೆ 1,50,000 ಕಿ.ಮೀ. ಅದೇ ಮನೆಯಿಂದ ಕೊರಟಗೆರೆಗೆ ಹೋಗುವವನ ದಾರಿ ಹೋಗಿಬರಲು 40 ಕಿ.ಮೀ.ಯೊಳಗೇ ಮುಗಿಯುತ್ತದೆ, ಐದು ವರ್ಷಕ್ಕೆ 50,000 ಕಿ.ಮೀ.ಯನ್ನೂ ದಾಟಲಾರದು. ಒಂದೇ ವರ್ಷ, ಒಂದೇ ಮಾದರಿಯ ಎರಡು ಕಾರುಗಳು ಹೀಗೆ ಬೇರೆಯಾಗಬಹುದು. ಆದುದರಿಂದ ‘ಎಷ್ಟು ಓಡಿದೆ?’ ಎಂಬುದಕ್ಕಿಂತ ‘ಯಾರು, ಎಲ್ಲಿಗೆ, ಏತಕ್ಕೆ ಓಡಿಸುತ್ತಿದ್ದರು?’ ಎಂಬ ಪ್ರಶ್ನೆ ಹೆಚ್ಚು ಬೆಳಕು ನೀಡುತ್ತದೆ.

ಇಲ್ಲಿ ಎಚ್ಚರಿಕೆಯೊಂದು ಅವಶ್ಯ. ಯಾವುದೊಂದು ಚಿಹ್ನೆಯೂ ತಾನೇ ಪೂರ್ಣ ಪ್ರಮಾಣವಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಆಸನ ಬೇಗ ಹಾಳಾಗುತ್ತದೆ. ಕೆಟ್ಟ ಮೀಟರನ್ನು ಪ್ರಾಮಾಣಿಕವಾಗಿ ಬದಲಿಸಿದ್ದರೆ ಅಂಕಿ ಸೊನ್ನೆಯಿಂದ ಮೊದಲಾಗಿರುತ್ತದೆ. ಅದಕ್ಕೆ ಗ್ಯಾರೇಜಿನ ಬಿಲ್ಲು ಇರುತ್ತದೆ. ಹಬ್ಬಕ್ಕೆ, ಬಸದಿಯ ಪೂಜೆಗೆ ಮಾತ್ರ ಕಾರು ತೆಗೆಯುವ ವೃದ್ಧ ದಂಪತಿಗಳೂ ಇದ್ದಾರೆ; ಅವರ ಕಾರು ಹತ್ತು ವರ್ಷಕ್ಕೆ ನಿಜವಾಗಿಯೂ 30,000 ಕಿ.ಮೀ. ಮಾತ್ರ ಓಡಿರಬಹುದು. ಒಂದು ಗುರುತನ್ನು ಹಿಡಿದು ‘ಕಳ್ಳ’ ಎನ್ನುವುದು ಏಕಾಂತವಾದ, ನಿರಪರಾಧಿಗೆ ಮಾಡಿದ ಮಾತಿನ ಹಿಂಸೆ. ಗುರುತುಗಳೆಲ್ಲ ಒಂದೇ ದಿಕ್ಕಿಗೆ ಕೈತೋರಿದಾಗ ಆರೋಪ ಮಾಡದೆ, ಕೊಳ್ಳದೆ ಹಿಂದಿರುಗುವುದೇ ವಿವೇಕ.

ಇಷ್ಟೆಲ್ಲ ನೋಡಿಯೂ ಮೋಸಹೋಗುವುದುಂಟು. ನಿಜವಾದ ಧರ್ಮಸಂಕಟ ಅಲ್ಲಿಂದ ಮೊದಲಾಗುತ್ತದೆ. ಹೀಗೊಂದು ಪ್ರಸಂಗವನ್ನು ಊಹಿಸಬಹುದು. ಕೊರಟಗೆರೆಯ ಗೃಹಸ್ಥನೊಬ್ಬನು 48,000 ಕಿ.ಮೀ. ತೋರಿಸುವ ಕಾರನ್ನು ನಂಬಿ ಕೊಂಡನು. ಎರಡೂವರೆ ವರ್ಷ ಕಳೆದ ಮೇಲೆ ರಿಪೇರಿಗೆ ಬಿಟ್ಟಾಗ, ತಾನು ಕೊಳ್ಳುವ ಮೊದಲೇ ಅದು 1,32,000 ಕಿ.ಮೀ. ಓಡಿತ್ತೆಂಬ ದಾಖಲೆ ಸಿಕ್ಕಿತು. ಮಾರಿದವನು ಊರು ಬಿಟ್ಟಿದ್ದನು. ಈಗ ಗೃಹಸ್ಥನಿಗೆ ಹಣದ ಅಡಚಣೆ, ಕಾರನ್ನು ಮಾರಬೇಕು. ಪಾವಗಡದ ಶಾಲಾ ಶಿಕ್ಷಕರೊಬ್ಬರು ಬಂದು ನೋಡಿದರು, ಮೀಟರನ್ನು ಕಂಡು ತೃಪ್ತರಾದರು, ಏನನ್ನೂ ಕೇಳಲಿಲ್ಲ. ನಿಜ ಹೇಳಿದರೆ ಲಕ್ಷ ರೂಪಾಯಿ ಕಡಿಮೆಯಾಗಬಹುದು. ಮನೆಯವರು ಹೇಳಿದರು: ‘ಮೀಟರನ್ನು ನೀವು ತಿದ್ದಿಲ್ಲ. ಸುಳ್ಳನ್ನು ನುಡಿಯಬೇಡಿ, ಸುಮ್ಮನಿರಿ. ಮೋಸಹೋದವರು ನೀವು; ನಷ್ಟವನ್ನೂ ನೀವೇ ಹೊರಬೇಕೆ?’

ಈ ಮಾತಿನಲ್ಲಿ ನೋವಿದೆ, ತರ್ಕವೂ ಇದೆ. ಮೇಲುನೋಟಕ್ಕೆ ದೇಶದ ಕಾನೂನೂ ಅದರ ಪಕ್ಷದಲ್ಲಿರುವಂತೆ ಕಾಣುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ಬರಿಯ ಮೌನವನ್ನು ವಂಚನೆಯೆನ್ನುವುದಿಲ್ಲ. ದೋಷವುಳ್ಳ ಕುದುರೆಯನ್ನು ಹರಾಜಿನಲ್ಲಿ ಮಾರುವವನು ದೋಷದ ವಿಷಯ ಹೇಳದಿದ್ದರೆ ಅದು ವಂಚನೆಯಲ್ಲವೆಂದು ಅಲ್ಲಿಯ ಉದಾಹರಣೆ. ಆದರೆ ಅದೇ ಕಲಮು ಮುಂದುವರಿಯುತ್ತದೆ: ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು ಆಗತಾನೇ ಪ್ರಾಪ್ತವಯಸ್ಕಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ದೋಷವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ತಿಳಿದ ಸಂಗತಿಯನ್ನು ಬೇಕೆಂದೇ ಮರೆಮಾಡುವುದಂತೂ ಸ್ಪಷ್ಟವಾಗಿ ವಂಚನೆ. ಕಾನೂನು ಮಗಳ ವಿಷಯದಲ್ಲಿ ಕೇಳುವುದನ್ನು ಧರ್ಮವು ಎಲ್ಲರ ವಿಷಯದಲ್ಲಿಯೂ ಕೇಳುತ್ತದೆ. ಪಾವಗಡದ ಶಿಕ್ಷಕರನ್ನು ಪರರೆಂದು ಎಣಿಸಿದಾಗ ಮಾತ್ರ ಮೌನ ಸಾಧ್ಯ.

ಮೇಲಾಗಿ ಕಾರಿನ ವಿಷಯ ಕುದುರೆಯ ವಿಷಯದಂತಲ್ಲ. ಮೀಟರಿನ ಅಂಕಿ ತಾನೇ ಒಂದು ಹೇಳಿಕೆ. ಅದು ಸುಳ್ಳೆಂದು ತಿಳಿದ ಕ್ಷಣದಿಂದ, ತುಟಿ ಬಿಚ್ಚದಿದ್ದರೂ ಆ ಹೇಳಿಕೆ ಮಾರುವವನದೇ ಆಗುತ್ತದೆ. ತಿಳಿಯುವ ಮೊದಲು ಅವನು ಮೋಸಹೋದವನು. ತಿಳಿದ ಮೇಲೆ ಮೌನವಾಗಿ ಮಾರಿದರೆ ಮೋಸ ಮಾಡಿದವನು. ಎರಡರ ನಡುವೆ ಇರುವುದು ಅವನ ಅರಿವೊಂದೇ. ನಷ್ಟವನ್ನು ಮುಂದಿನವನಿಗೆ ದಾಟಿಸುವುದರಿಂದ ನಷ್ಟ ಅಳಿಯುವುದಿಲ್ಲ. ಅದನ್ನು ಹೊರುವವನು ಮಾತ್ರ ಬದಲಾಗುತ್ತಾನೆ.

ಇದು ಹಣದ ಪ್ರಶ್ನೆಯಷ್ಟೇ ಅಲ್ಲ. ಬ್ರೇಕು, ಸಸ್ಪೆನ್ಷನ್ನು, ಟೈಮಿಂಗ್ ಬೆಲ್ಟುಗಳನ್ನು ಓಡಿದ ದೂರವನ್ನು ನೋಡಿಯೇ ಪರೀಕ್ಷಿಸುತ್ತಾರೆ, ಬದಲಿಸುತ್ತಾರೆ. ಮೀಟರ್ 60,000 ಎಂದರೆ ಮಾಲೀಕನು ಇನ್ನೂ ಕಾಲವಿದೆಯೆಂದು ನಂಬಿ ಓಡಿಸುತ್ತಾನೆ. ದಿನವೂ ಮಿಡಿಗೇಶಿಯ ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಹನದಲ್ಲಿ ಅಂಥ ನಂಬಿಕೆ ಪ್ರಾಣಕ್ಕೆ ಎರವಾಗಬಹುದು. ಅಚೌರ್ಯದ ಭಂಗ ಹೀಗೆ ಅಹಿಂಸೆಯ ಭಂಗವಾಗುತ್ತದೆ. ಉಳಿದ ವ್ರತಗಳೆಲ್ಲ ಅಹಿಂಸೆಯನ್ನು ಕಾಯುವ ಬೇಲಿಗಳೆಂಬ ಮಾತಿನ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗಾದರೆ ಆ ಗೃಹಸ್ಥನು ಮಾಡಬೇಕಾದುದೇನು? ತನಗೆ ಸಿಕ್ಕ ದಾಖಲೆಯನ್ನು ಶಿಕ್ಷಕರ ಮುಂದಿಡಬೇಕು, ಮಾರಾಟದ ಪತ್ರದಲ್ಲಿಯೂ ಅದನ್ನು ಬರೆಯಬೇಕು, ನಿಜವಾದ ದೂರಕ್ಕೆ ತಕ್ಕ ಬೆಲೆಯನ್ನು ಸ್ವೀಕರಿಸಬೇಕು. ತನಗಾದ ಅನ್ಯಾಯವನ್ನು ಸಹಿಸಿಕೊಂಡೇ ಇರಬೇಕೆಂದು ಇದರ ಅರ್ಥವಲ್ಲ. ಮಾರಿದವನು ವ್ಯಾಪಾರಿಯಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಆಯೋಗಕ್ಕೆ ಸಾಮಾನ್ಯವಾಗಿ ಎರಡು ವರ್ಷದೊಳಗೆ ದೂರು ಕೊಡಬಹುದು. ಆದುದರಿಂದ ಕೊಂಡ ಕೂಡಲೇ ಪರೀಕ್ಷೆ ಮಾಡಿಸುವುದೂ, ಕಿಲೋಮೀಟರಿನ ಅಂಕಿಯನ್ನು ಮಾರುವವನ ಸಹಿಯೊಡನೆ ಬರೆಸಿಕೊಳ್ಳುವುದೂ ಒಳ್ಳೆಯದು. ನ್ಯಾಯವನ್ನು ಮೋಸ ಮಾಡಿದವನಿಂದ ಕೇಳಬೇಕೇ ಹೊರತು ಮುಂದೆ ಬರುವ ನಿರಪರಾಧಿಯಿಂದ ವಸೂಲು ಮಾಡಬಾರದು.

ಬಸದಿಗಳ ಮತ್ತು ಧರ್ಮಸಂಸ್ಥೆಗಳ ಆಡಳಿತ ನಡೆಸುವವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಸಂಸ್ಥೆಯ ಹಣ ಭಕ್ತರ ದಾನ. ಅದರಿಂದ ವಾಹನ ಕೊಳ್ಳುವಾಗ ಪರಿಚಯದವರ ಮಾತಿನ ಮೇಲೆ ಬಿಡದೆ, ಸ್ವತಂತ್ರ ಮೆಕ್ಯಾನಿಕನ ಲಿಖಿತ ವರದಿಯನ್ನು ಪಡೆಯಬೇಕು. ಸಂಸ್ಥೆಯ ಹಳೆಯ ವಾಹನವನ್ನು ಮಾರುವಾಗ ‘ಧರ್ಮಕ್ಕೆ ನಾಲ್ಕು ಕಾಸು ಹೆಚ್ಚು ಬರಲಿ’ ಎಂದು ದೋಷವನ್ನು ಅಡಗಿಸುವುದು ಧರ್ಮದ ಹೆಸರಿನಲ್ಲಿ ಅಧರ್ಮ. ವಾಹನದೊಡನೆ ಅದರ ಸರ್ವೀಸ್ ಕಡತವನ್ನೂ ಪೂರ್ತಿಯಾಗಿ ಒಪ್ಪಿಸುವ ಪದ್ಧತಿಯನ್ನು ಸಂಸ್ಥೆಗಳು ಹಾಕಿಕೊಟ್ಟರೆ ಊರಿನ ವ್ಯಾಪಾರಕ್ಕೆ ಅದೇ ಮೇಲ್ಪಂಕ್ತಿಯಾದೀತು.

ಅನ್ಯ ದೇಶಗಳು ಈ ಮೋಸಕ್ಕೆ ವ್ಯವಸ್ಥೆಯ ಮೂಲಕ ತಡೆ ಹಾಕಿವೆ. ಅಮೆರಿಕದಲ್ಲಿ 1972ರ ಕಾನೂನು ಮೀಟರ್ ತಿದ್ದುವುದನ್ನು ನಿಷೇಧಿಸಿ, ಓಡಿದ ದೂರವನ್ನು ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತು. ಬೆಲ್ಜಿಯಂ ದೇಶದಲ್ಲಿ 2006ರ ಕೊನೆಯಿಂದ ‘ಕಾರ್-ಪಾಸ್’ ಎಂಬ ಪತ್ರವಿಲ್ಲದೆ ಬಳಸಿದ ಕಾರನ್ನು ಮಾರುವಂತಿಲ್ಲ. ಗ್ಯಾರೇಜುಗಳು ದಾಖಲಿಸಿದ ಕಿಲೋಮೀಟರುಗಳೆಲ್ಲ ಅದರಲ್ಲಿರುತ್ತವೆ. ಭಾರತದಲ್ಲಿಯೂ 2022ರ ಡಿಸೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ, ಬಳಸಿದ ವಾಹನಗಳ ವ್ಯಾಪಾರಿಗಳು ಅಧಿಕಾರಪತ್ರ ಪಡೆಯಬೇಕು. ತಮ್ಮ ವಶದಲ್ಲಿರುವ ವಾಹನದ ಓಡಾಟವನ್ನು ದೂರದೊಡನೆ ದಾಖಲಿಸಬೇಕು.

ಆದರೂ ಸಂತೆಯ ತಕ್ಕಡಿಗೂ ಬಟ್ಟಿಗೂ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳುವಂತೆ ಖಾಸಗಿ ಕಾರಿನ ಮೀಟರಿಗೆ ಮುದ್ರೆ ಬೀಳುವುದಿಲ್ಲ. ಮುದ್ರೆಯಿಲ್ಲದ ಅಳತೆಗೆ ಮಾರುವವನ ಮಾತೇ ಮುದ್ರೆ. ಕೊರಟಗೆರೆಯ ಆ ಗೃಹಸ್ಥನು ದಾಖಲೆಯನ್ನು ಶಿಕ್ಷಕರ ಕೈಗಿತ್ತರೆ ಒಂದು ಲಕ್ಷ ರೂಪಾಯಿ ಕಳೆದುಕೊಳ್ಳಬಹುದು. ಆದರೆ ಹಲವರ ಕೈ ದಾಟಿ ಬಂದ ಒಂದು ಸುಳ್ಳು ಅವನ ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಅಣುವ್ರತವೆಂದರೆ ಇಷ್ಟೇ: ಲೋಕದ ಮೋಸವನ್ನೆಲ್ಲ ತಡೆಯುವುದು ಗೃಹಸ್ಥನಿಂದ ಆಗದಿರಬಹುದು, ತನ್ನ ಕೈಗೆ ಬಂದದ್ದನ್ನು ತಡೆಯುವುದು ಆಗುತ್ತದೆ.